ಹಸಿದರೆ ತಾನೇ ತಿನ್ನುತ್ತಾನೆ

ಮನೆ, ಮೂರನೇ ಮಹಡಿ
ಗುರುವಾರ ಕಳೆದು ಶುಕ್ರವಾರ, ರಾತ್ರಿ ಎರಡೂವರೆ

ಪ್ರೀತಿಯ ಚಿಕ್ಕಮ್ಮ,

ಪಕ್ಕದ ಮನೆಯ ಹೊಲಿಗೆ ಯಂತ್ರ ನಿಂತದ್ದಕ್ಕೆ ಎಚ್ಚರವಾಯಿತು. ಓಡುತ್ತಿರುವಾಗ ಬಾರದ ಎಚ್ಚರ ನಿಂತಾಗ ಬರುತ್ತದೆ ನೋಡು. ನಮಗೂ ಅವಳಿಗೂ ಇರುವುದು ಒಂದೇ ಗೋಡೆ. ಆ ಕಡೆ ಅವಳ ಯಂತ್ರ, ಈ ಕಡೆ ನಮ್ಮ ಮಂಚ. ಆ ಟಕಟಕ ಇಲ್ಲದಿದ್ದರೆ ನಿನ್ನ ಮೊಮ್ಮಗಳು ಕಣ್ಣೇ ಮುಚ್ಚುವುದಿಲ್ಲ. ಯಂತ್ರ ನಿಂತ ಮೇಲೆ ಕಪಾಟಿನ ಬಾಗಿಲು ತೆರೆದ ಸದ್ದು ಬಂತು. ಏನನ್ನೋ ನೆಲದ ಮೇಲೆ ಎಳೆದ ಸದ್ದು ಬಂತು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಕೇಳುತ್ತಾ ಎದ್ದು ಕೂತಿದ್ದೇನೆ.

ನಿನ್ನ ಮೊಣಕಾಲು ಹೇಗಿದೆ? ತರಬೇತಿಗೆ ಹೋದ ಕಡೆ ಲಿಫ್ಟ್ ಕೆಟ್ಟಿದೆ ಎಂದಿದ್ದೆಯಲ್ಲ, ಸರಿಹೋಯಿತೇ? ಬಿ.ಪಿ. ಮಾತ್ರೆ ಮರೆಯುತ್ತಿಲ್ಲ ತಾನೆ? ಆಗಲೇ ಎರಡು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ರಾತ್ರಿ ಫೋನ್ ಆರಿಸಿ ಮಲಗು ಎಂದು ಡಾಕ್ಟರ ಜೊತೆ ಸೇರಿಕೊಂಡು ನಿನ್ನನ್ನು ಗದರಿಸಿದವಳು ನಾನೇ, ಈಗ ಯಾರನ್ನು ಬೈಯಲಿ? ಅದಕ್ಕೇ ಇದನ್ನು ಫೋನಿನಲ್ಲೇ ಬರೆದು ಕಳಿಸುತ್ತಿದ್ದೇನೆ. ಹಾಲಿನವರಿಗಿಂತ ಮೊದಲು ಏಳುವವಳು ನೀನು, ಕನ್ನಡಕಕ್ಕಿಂತ ಮೊದಲು ಫೋನ್ ತಡಕುವವಳು. ಉದ್ದವಾಯಿತೆಂದು ಅರ್ಧಕ್ಕೆ ಬಿಡಬೇಡ. ನನಗೆ ಚಿಕ್ಕದಾಗಿ ಹೇಳಲು ಬರುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಇದನ್ನಂತೂ ಚಿಕ್ಕದಾಗಿ ಹೇಳಲು ಆಗುವುದೂ ಇಲ್ಲ.

ನಮ್ಮ ಕಟ್ಟಡದ ಕೆಳಗೆ, ಸೈಕಲ್ ನಿಲ್ಲಿಸುತ್ತಿದ್ದ ಕೋಣೆಯಲ್ಲಿ ತಾಯಂದಿರೇ ಸೇರಿ ಶಿಶುಮನೆ ನಡೆಸುತ್ತಿದ್ದೇವೆ ಎಂದು ಹೇಳಿದ್ದೆನಲ್ಲ. ದಿನಕ್ಕೊಬ್ಬಳ ಸರದಿ, ಉಳಿದವರು ಕೆಲಸಕ್ಕೆ ಹೋಗಬಹುದು. ಅಲ್ಲಿ ಒಂದು ಪದ್ಧತಿ ಬೆಳೆಯಿತು, ಯಾರು ಶುರುಮಾಡಿದರೋ ಕಾಣೆ. ಬೆಳಿಗ್ಗೆ ಮಕ್ಕಳನ್ನು ಬಿಡುವಾಗ ಎಲ್ಲರೂ ತಂದ ಡಬ್ಬಿಗಳನ್ನು ಚಾಪೆಯ ಮೇಲೆ ಸಾಲಾಗಿಟ್ಟು ಒಟ್ಟಿಗೇ ಮುಚ್ಚಳ ತೆಗೆಯುವುದು. ಯಾವ ಮಗುವಿಗೆ ಏನಿದೆ ಎಂದು ಸರದಿಯವಳಿಗೆ ತಿಳಿಯಲಿ ಎಂಬುದು ನೆಪ. ತಾಯಂದಿರ ಕಣ್ಣು ಮಾತ್ರ ತಮ್ಮ ಮಗುವಿನ ಡಬ್ಬಿಯ ಮೇಲೆ ಇರುತ್ತಿರಲಿಲ್ಲ. ನನ್ನದು ನೋಡಿದರೆ ಚಿತ್ರ ಬರೆದಂತಿರುತ್ತಿತ್ತು. ಬೇಯಿಸಿದ ಕ್ಯಾರೆಟ್ಟು, ಬೀನ್ಸು, ಹಳದಿ ಚೂರೂ ಒಡೆಯದ ಮೊಟ್ಟೆ. ಉಪ್ಪಿಲ್ಲ, ಸಕ್ಕರೆ ಇಲ್ಲ. 'ಆಹಾ, ಓದಿದವಳ ಡಬ್ಬಿ ಅಂದ್ರೆ ಹೀಗಿರ್ಬೇಕು' ಎನ್ನುವಳು ಬ್ಯಾಂಕಿನವಳು, ಎದುರು ಸಾಲಿನ ಮೊದಲ ಮನೆಯವಳು. ಅವಳು ಹೊಗಳಿದರೂ ಚುಚ್ಚಿದರೂ ಒಂದೇ ದನಿ. ನನಗೆ ಮಾತ್ರ ಅದು ದಿನದ ಮೊದಲ ಕಾಫಿಯ ಹಾಗೆ ಬೇಕಾಗಿಬಿಟ್ಟಿತ್ತು. (ನಿನ್ನ ಅಳಿಯ ಪ್ರೆಸ್ಸಿನ ರಾತ್ರಿ ಪಾಳಿಯಿಂದ ಬರುತ್ತಾ ಮಗಳಿಗೆ ಜೇಬಿನಲ್ಲಿ ಚಾಕ್ಲೇಟು ತರುವುದು ಯಾರಿಗೂ ಗೊತ್ತಿಲ್ಲ. ಅದನ್ನು ಚಾಪೆಯ ಮೇಲೆ ಬಿಚ್ಚಿಡುವ ಪದ್ಧತಿ ಇಲ್ಲವಲ್ಲ.)

ಪಕ್ಕದ ಮನೆಯವಳು ಟೈಲರ್. ಶಾಲಾ ಸಮವಸ್ತ್ರ ಹೊಲಿಯುತ್ತಾಳೆ, ಹಗಲು ಕಾರ್ಖಾನೆಯಲ್ಲಿ, ರಾತ್ರಿ ಮನೆಯಲ್ಲಿ. ಗಂಡ ಇಲ್ಲ. ಎಲ್ಲಿದ್ದಾನೆಂದು ಯಾರೂ ಕೇಳಿಲ್ಲ, ಅವಳೂ ಹೇಳಿಲ್ಲ. ಅವಳ ಮಗನನ್ನು ನಾವೆಲ್ಲ ಗುಂಡ ಎಂದೇ ಕರೆಯುವುದು. ಎರಡು ತುಂಬಿದೆ. ಬಂದ ಹೊಸದರಲ್ಲಿ ಕೆನ್ನೆ ಎರಡು ಬನ್ನಿನ ಹಾಗಿತ್ತು, ಎತ್ತಿಕೊಂಡರೆ ಸೊಂಟ ಹಿಡಿಯುತ್ತಿತ್ತು. ಡಬ್ಬಿಯಲ್ಲಿ ದಿನವೂ ಒಂದೇ, ಹಾಲಿನಲ್ಲಿ ನೆನೆಸಿ ಸಕ್ಕರೆ ಉದುರಿಸಿದ ಬ್ರೆಡ್ಡು. ಗುಂಡ ಅದನ್ನು ಮುಚ್ಚಳದ ಅಂಚಿನವರೆಗೂ ಬೆರಳಿನಿಂದ ಬಳಿದು ತಿನ್ನುವನು. ಬ್ಯಾಂಕಿನವಳು 'ಇವನಿಗೆ ಊಟ ಅಲ್ಲ, ಹುಟ್ಟುಹಬ್ಬ' ಎಂದಾಗ ಎಲ್ಲರೂ ನಕ್ಕೆವು. ಟೈಲರಮ್ಮನೂ ನಕ್ಕಳು, ನಗದಿದ್ದರೆ ಏನೆಂದುಕೊಳ್ಳುತ್ತಾರೋ ಎನ್ನುವ ನಗೆ. ನಾನು ಅವಳನ್ನು ಪಕ್ಕಕ್ಕೆ ಕರೆದು ತಿಳಿಹೇಳಿದೆ. ಸಕ್ಕರೆ ವಿಷ ಎಂದೆ, ಹಲ್ಲು ಹುಳುಕಾಗುತ್ತದೆ ಎಂದೆ, ನಾಲಿಗೆ ಕೆಟ್ಟರೆ ಮಗು ಕೆಟ್ಟಂತೆ ಎಂದೆ. 'ಬೇರೆ ಏನೂ ಮುಟ್ಟಲ್ಲಕ್ಕಾ, ಉಗೀತಾನೆ' ಎಂದಳು. ಅದಕ್ಕೆ ನಾನು ಹೇಳಿದ ಮಾತನ್ನು ಈಗ ಗೋಡೆಯ ಮೇಲೆ ಯಾರೋ ದಪ್ಪಕ್ಷರದಲ್ಲಿ ಬರೆದಂತೆ ಕಾಣುತ್ತಿದೆ. ಉಗಿದರೆ ಉಗಿಯಲಿ, ಬೇರೇನೂ ಕೊಡಬೇಡಿ, ಕರಗಬೇಡಿ, ಹಸಿದರೆ ತಾನೇ ತಿನ್ನುತ್ತಾನೆ ಎಂದೆ.

ಮರುವಾರದಿಂದ ಅವಳ ಡಬ್ಬಿ ನನ್ನ ಡಬ್ಬಿಯ ಅವಳಿಯಾಯಿತು. ಅದೇ ಕ್ಯಾರೆಟ್ಟು, ಅದೇ ಬೀನ್ಸು, ನಾನು ಕತ್ತರಿಸುವ ಹಾಗೇ ಓರೆಯಾಗಿ ಕತ್ತರಿಸಿದ್ದು. ಟೈಲರ್ ಅಲ್ಲವೇ, ಒಮ್ಮೆ ನೋಡಿದರೆ ಅಳತೆ ಹಿಡಿಯುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಒಂದು ಮಗುವನ್ನು ಉಳಿಸಿದೆ ಎಂದುಕೊಂಡೆ ಚಿಕ್ಕಮ್ಮ, ನಿಜವಾಗಿ ಹಾಗೇ ಅಂದುಕೊಂಡೆ. ಗುಂಡ ಮಾತ್ರ ಡಬ್ಬಿಯನ್ನು ನೋಡುವನು, ಮುಖ ತಿರುಗಿಸುವನು. ಯಾರ ಸರದಿ ಇದ್ದರೂ ಬಲವಂತ ಮಾಡುವಂತಿಲ್ಲ, ಬೇರೆ ಮಗುವಿನ ಡಬ್ಬಿಯಿಂದ ಕೊಡುವಂತಿಲ್ಲ, ಅದು ನಮ್ಮ ನಿಯಮ. ಡಬ್ಬಿ ತುಂಬಿದ ಹಾಗೇ ವಾಪಸು ಹೋಗುತ್ತಿತ್ತು. ಮೊದಮೊದಲು ಅತ್ತ. ಆಮೇಲೆ ಅಳು ಬಿಟ್ಟ. ಗೋಡೆಗೊರಗಿ ಕೂತು ಚಾಪೆಯ ನೂಲು ಕೀಳುತ್ತಿದ್ದ. ಕೆನ್ನೆ ಇಳಿಯಿತು, ಕಾಲು ಕಡ್ಡಿಯಾಯಿತು. ಕಾಲುಚೀಲ ನಿಲ್ಲದೆ ಜಾರುತ್ತಿತ್ತು.

ಆಗ ಶುರುವಾಯಿತು ಗುಸುಗುಸು. ಡಬ್ಬಿ ಬರೀ ತೋರಿಕೆಗೆ, ಮನೆಯಲ್ಲಿ ಒಲೆಯನ್ನೇ ಹಚ್ಚುವುದಿಲ್ಲ ಎಂದರು. ದುಡಿಮೆಯ ಗೀಳು ಹಿಡಿದವಳು, ಮಗುವನ್ನು ಉಪವಾಸ ಕೆಡವಿದ್ದಾಳೆ ಎಂದರು. 'ನಿಮ್ಮ ಚಿಕ್ಕಮ್ಮ ಆ ಮಕ್ಕಳ ರಕ್ಷಣೆ ಕಚೇರೀಲಿ ದೊಡ್ಡವರಲ್ವಾ, ಒಂದು ಮಾತು ಹಾಕಿ' ಎಂದು ಬ್ಯಾಂಕಿನವಳೇ ಹೇಳಿದ್ದು. ಹೋದ ಸಲ ಹಿಂದಿನ ಸಾಲಿನ ಡ್ರೈವರನ ಮಗಳ ವಿಷಯವನ್ನು ಮುಟ್ಟಿಸಿದ್ದೂ ಅವಳೇ. ನಿಮ್ಮವರು ಗಾಡಿಯಲ್ಲಿ ಕರೆದೊಯ್ದ ಆ ಮಗು ಇನ್ನೂ ವಾಪಸು ಬಂದಿಲ್ಲ. ಅದರ ಹಳದಿ ಚಪ್ಪಲಿ ಶಿಶುಮನೆಯ ಗೂಡಿನಲ್ಲಿ ಹಾಗೇ ಇವೆ. ಯಾರೂ ತೆಗೆಯುವುದಿಲ್ಲ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಗುಡಿಸುವಾಗ ಮಾತ್ರ ಎತ್ತಿ ಗುಡಿಸಿ ಮತ್ತೆ ಅಲ್ಲೇ ಇಡುತ್ತೇವೆ. ನಾನು ನಿನಗೆ ಹೇಳಲಿಲ್ಲ, ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಬೇಡ ಎಂದು ನೇರವಾಗಿ ನಿಮ್ಮ ಕಚೇರಿಯ ಸಹಾಯವಾಣಿಗೇ ಫೋನ್ ಮಾಡಿದೆ. ತಾಯಿ ಊಟ ಕೊಡುತ್ತಿಲ್ಲ, ಕಣ್ಣಾರೆ ಕಂಡಿದ್ದೇನೆ ಎಂದೆ. ನಿನ್ನ ಹೆಸರು ಹೇಳಲಿಲ್ಲ, ಆದರೂ ಆ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಶುಕ್ರವಾರ ಬೆಳಿಗ್ಗೆ ಬರುತ್ತಾರೆ ಎಂದಳು. ಅದನ್ನು ಬ್ಯಾಂಕಿನವಳಿಗೂ ಹೇಳಿದೆ. ಶುಕ್ರವಾರ ಎಂದರೆ ಇವತ್ತೇ.

ನಿನ್ನೆ ಸಂಜೆ ಫ್ರಾಕಿನ ಗುಂಡಿ ಹಾಕಿಸುವ ನೆಪದಲ್ಲಿ ಅವಳ ಮನೆಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಒಳ್ಳೆಯ ಕೆಲಸ ಮಾಡಿದ್ದೇನೆ ಎಂದು ಖಾತರಿ ಮಾಡಿಕೊಳ್ಳಲು ಹೋದೆನೇನೋ. ಅಡುಗೆಮನೆ ಮೂಲೆಯಲ್ಲಿ ಒಲೆ ಉರಿಯುತ್ತಿತ್ತು ಚಿಕ್ಕಮ್ಮ. ಕ್ಯಾರೆಟ್ಟು ಬೇಯುತ್ತಿತ್ತು. ಮೇಜಿನ ಮೇಲೆ ತಟ್ಟೆ ತಟ್ಟೆ ಮುಚ್ಚಿಟ್ಟಿದ್ದಳು. ಬೆಳಗಿನದು, ಮಧ್ಯಾಹ್ನದ್ದು, ಯಾವುದನ್ನೂ ಮಗು ಮುಟ್ಟಿಲ್ಲ. ಅವಳೂ ಮುಟ್ಟಿಲ್ಲವೆಂದು ಅವಳ ಕೊರಳಿನ ಮೂಳೆ ನೋಡಿದರೆ ತಿಳಿಯುತ್ತಿತ್ತು. ಗುಂಡ ಬಟ್ಟೆಯ ರಾಶಿಯ ಮೇಲೆ ಮಲಗಿ ಚಾವಣಿ ನೋಡುತ್ತಿದ್ದ. ಅವಳು ಸೂಜಿಗೆ ನೂಲು ಪೋಣಿಸುತ್ತಾ, ನನ್ನತ್ತ ನೋಡದೆ, 'ನೀವು ಹೇಳ್ದ ಹಾಗೇ ಮಾಡ್ತಿದೀನಿ ಅಕ್ಕಾ' ಎಂದಳು. 'ಅತ್ತಾಗ ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ಕೂತೆ, ಕರಗ್ಲಿಲ್ಲ. ಬ್ರೆಡ್ಡು ಮನೇಗೇ ತಂದಿಲ್ಲ. ಬರೀ ಹಾಲು ಕುಡೀತಾನೆ, ಈಗೀಗ ಅದೂ ಅರ್ಧ. ಹಸಿದ್ರೆ ತಾನೇ ತಿಂತಾನೆ ಅಂದ್ರಲ್ಲ, ಇನ್ನೂ ಎಷ್ಟು ದಿನ ಆಗುತ್ತೆ? ನಿಮ್ಮ ಪುಟ್ಟಿಗೆ ಎಷ್ಟು ದಿನ ಆಯ್ತು?' ತಪ್ಪು ಹುಡುಕುವ ದನಿಯಲ್ಲ ಅದು. ಪರೀಕ್ಷೆಗೆ ಓದುವವರು ಮೇಷ್ಟರನ್ನು ಕೇಳುವ ದನಿ. ನನ್ನ ಪುಟ್ಟಿಗೆ ಒಂದು ದಿನವೂ ಹಾಗೆ ಮಾಡಿಲ್ಲ ಚಿಕ್ಕಮ್ಮ. ಅವಳು ಹುಟ್ಟಿನಿಂದಲೇ ಎಲ್ಲವನ್ನೂ ತಿನ್ನುವವಳು. ನಾನು ಆ ಮಾತನ್ನು ಎಲ್ಲೋ ಓದಿದ್ದೆ, ಅಷ್ಟೇ.

ಕೊಡಿ, ಬ್ರೆಡ್ಡು ಕೊಡಿ, ಸಕ್ಕರೆ ಕೊಡಿ, ಅವನಿಗೆ ಏನು ಬೇಕೋ ಈಗಲೇ ಕೊಡಿ ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಇಷ್ಟು ದಿನ ಒಂದು, ಇವತ್ತು ಒಂದು, ಯಾವುದನ್ನು ನಂಬಬೇಕು ಎನ್ನುವ ನೋಟ. ಓಡಿ ಹೋಗಿ ನಮ್ಮ ಮನೆಯ ಬ್ರೆಡ್ಡು ತಂದೆ, ಹಾಲಿನಲ್ಲಿ ನೆನೆಸಿದೆ. ಗುಂಡ ಎರಡು ತುತ್ತು ತಿಂದು ಸುಸ್ತಾಗಿ ಮಲಗಿಬಿಟ್ಟ. ಬೆಳಿಗ್ಗೆ ಡಾಕ್ಟರ ಹತ್ತಿರ ಇಬ್ಬರೂ ಕರೆದುಕೊಂಡು ಹೋಗೋಣ ಎಂದೆ. ನಿಮ್ಮ ಕಚೇರಿಯ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಊಟದ ಹೊತ್ತಿಗೆ ಸಹಾಯವಾಣಿಗೆ ಫೋನ್ ಮಾಡಿ ನಾನು ಹೇಳಿದ್ದು ತಪ್ಪು ಎಂದೆ. ರಾತ್ರಿ ಪಾಳಿಯ ಯಾರೋ ಗಂಡಸು 'ಹೇಳಿದ ಮೇಲೆ ಹೇಳಿದ ಹಾಗೇ ಅಮ್ಮಾ, ಮೇಲಿನವರು ಹೇಳಿದ್ರೆ ಮಾತ್ರ ಗಾಡಿ ನಿಲ್ಲುತ್ತೆ' ಎಂದ. ಮೇಲಿನವರು ಎಂದರೆ ನೀನು. ಸಾಲದ್ದಕ್ಕೆ, ನಾನು ಕಸ ಇಡಲು ಹೋದಾಗ ಮೆಟ್ಟಿಲ ಮೇಲೆ ಬ್ಯಾಂಕಿನವಳು ಟೈಲರಮ್ಮನನ್ನು ಅಡ್ಡಗಟ್ಟಿದ್ದು ಕೇಳಿಸಿತು: 'ಮನೆ ಸ್ವಲ್ಪ ಚೊಕ್ಕಟ ಮಾಡಿಟ್ಕೊಳಮ್ಮ, ನಾಳೆ ಸರ್ಕಾರಿ ನೆಂಟರು ಬರ್ತಾರೆ. ಮಗೂಗೆ ಒಂದು ಜೊತೆ ಬಟ್ಟೆ ಬೇರೆ ಎತ್ತಿಡು.' ಅವಳು ದಡದಡ ಮೆಟ್ಟಿಲು ಹತ್ತಿ ಹೋದಳು. ಬಾಗಿಲು ಹಾಕಿದ್ದು ಕೇಳಿಸಿತು. ನಾನು ಹೋಗಿ ಎಷ್ಟು ತಟ್ಟಿದರೂ ತೆರೆಯಲಿಲ್ಲ. ಯಂತ್ರ ಮಾತ್ರ ಜೋರಾಗಿ ಓಡುತ್ತಿತ್ತು.

ಇದಿಷ್ಟು ಸಂಗತಿ. ಬೆಳಿಗ್ಗೆ ಬರುವವರು ನೋಡುವುದು ಏನನ್ನು? ಕಡ್ಡಿಯಂಥ ಮಗುವನ್ನು, ತುಂಬಿದ ತಟ್ಟೆಗಳನ್ನು, ಉತ್ತರ ಹೇಳಲು ಬಾರದ ತಾಯಿಯನ್ನು. 'ಯಾಕೆ ಕೊಡಲಿಲ್ಲ' ಎಂದರೆ ಅವಳು 'ಅಕ್ಕ ಕೊಡಬೇಡ ಅಂದ್ರು' ಎನ್ನುತ್ತಾಳೆ. ಯಾರು ನಂಬುತ್ತಾರೆ? ನೀನು ನಂಬು. ನಿಲ್ಲಿಸಲು ಆಗದಿದ್ದರೆ ನೀನೇ ಬರುವವರೆಗೆ ತಡೆ. ಗಾಡಿಯ ಬದಲು ಒಬ್ಬ ಡಾಕ್ಟರನ್ನು ಕಳಿಸು. ಕೊಡಬೇಡ ಎಂದವಳು ನಾನೇ ಎಂದು ಯಾರ ಎದುರಿಗೆ ಹೇಳು ಎಂದರೂ ಹೇಳುತ್ತೇನೆ.

ಪುಟ್ಟಿ ನಿದ್ದೆಯಲ್ಲಿ ನಗುತ್ತಿದ್ದಾಳೆ, ಅವಳ ಪರವಾಗಿ ಒಂದು ಮುತ್ತು. ಚಿಕ್ಕಪ್ಪನಿಗೆ ನಮಸ್ಕಾರ ತಿಳಿಸು. ಮೆಟ್ಟಿಲನ್ನು ನಿಧಾನವಾಗಿ ಇಳಿ.

ನಿದ್ದೆಗೆಟ್ಟಿರುವ,
ನಿನ್ನ ದೊಡ್ಡ ಮಗಳು

ಮರೆತೆ ಎನ್ನಬೇಡ, ಇದು ಈಗ ತಾನೇ ಆಗಿದ್ದು: ಕಳಿಸುವ ಮೊದಲೇ ಬಾಗಿಲು ತಟ್ಟಿದ ಸದ್ದಾಯಿತು. ಟೈಲರಮ್ಮ. ಗುಂಡನನ್ನು ಹೊದಿಕೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. 'ಅವ್ರು ಬಂದಾಗ ಇವನು ನಿಮ್ಮ ಮನೇಲಿದ್ರೆ ಕರ್ಕೊಂಡು ಹೋಗಲ್ಲ, ನೀವು ಓದಿದೋರು, ನಿಮ್ಮ ಮಾತು ಕೇಳ್ತಾರೆ. ನಾನು ಮೊದಲ ಬಸ್ಸಿಗೆ ಹೋಗಿ ಅಣ್ಣನ್ನ ಕರ್ಕೊಂಡು ಬರ್ತೀನಿ' ಎಂದಳು. ಯಾವ ಊರು ಎನ್ನುವಷ್ಟರಲ್ಲಿ ಮೆಟ್ಟಿಲು ಇಳಿದಾಗಿತ್ತು. ಎರಡು ಮಕ್ಕಳನ್ನು ಬಿಟ್ಟು ನಾನು ಹೇಗೆ ಹಿಂದೆ ಓಡಲಿ? ಮಗು ಬಿಟ್ಟು ತಾಯಿ ನಾಪತ್ತೆಯಾದರೆ ಮಾತುಕತೆಯೇ ಇಲ್ಲ, ಮಗುವನ್ನು ಒಯ್ಯಲು ಸಹಿ ಹಾಕುವುದೇ ಎಂದು ನೀನೇ ಒಮ್ಮೆ ಹೇಳಿದ್ದೆ. ಪಾಪ, ಅವಳಿಗೆ ಅದು ಗೊತ್ತಿಲ್ಲ. ಅವಳಿಗೆ ಫೋನ್ ಮಾಡಿದೆ. ಗೋಡೆಯ ಆಚೆ, ಬೀಗ ಹಾಕಿದ ಮನೆಯೊಳಗೇ ಬಡಿದುಕೊಳ್ಳುತ್ತಿದೆ. ನಿನ್ನ ಅಳಿಯ ಪ್ರೆಸ್ಸಿನಿಂದ ಬಸ್ ನಿಲ್ದಾಣಕ್ಕೆ ಹೊರಟಿದ್ದಾರೆ, ಸಿಕ್ಕುತ್ತಾಳೋ ಇಲ್ಲವೋ. ಮಗು ನನ್ನ ತೊಡೆಯ ಮೇಲಿದೆ, ಎದ್ದಿದೆ, ಅಳುತ್ತಿಲ್ಲ, ಬಾಗಿಲನ್ನೇ ನೋಡುತ್ತಿದೆ. ತಾಯಿ ಎಲ್ಲಿ ಎಂದು ಅವರು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ ಚಿಕ್ಕಮ್ಮ. ಇದನ್ನು ಓದಿದ ಕ್ಷಣ ಮುಖವನ್ನೂ ತೊಳೆಯಬೇಡ, ಮೊದಲು ಕಚೇರಿಗೆ ಫೋನ್ ಮಾಡು, ಆಮೇಲೆ ನನಗೆ. ಬೆಳಗಾಗುವ ಮೊದಲು ಮಾಡು. ದಮ್ಮಯ್ಯ, ಮಾಡು.