ಕರುಳು ದಾಟದಂತೆ

ಮಾರ್ಚ್ ೧೨

ಪ್ರೀತಿಯ ಜಿಡ್ಡಮ್ಮನಿಗೆ,

ಅಣ್ಣನ ಆಶೀರ್ವಾದಗಳು. ಹೋದ ವರ್ಷ ಜೂನ್ ತಿಂಗಳಲ್ಲಿ ನಿಮ್ಮ ಸಂಶೋಧನಾ ಸಂಸ್ಥೆ ನಿನ್ನ ವಾಕ್ಯವೊಂದರಿಂದ ಎರಡು ಪದ ಕಿತ್ತುಹಾಕಿ, ಕೆಳಗೆ ನಿನ್ನ ಹೆಸರು ಅಚ್ಚುಮಾಡಿ ಮನೆಮನೆಗೆ ಹಂಚಿತು. ಅದರ ಬಗ್ಗೆ ಬರೆಯಲು ಇಷ್ಟು ತಡವಾದದ್ದಕ್ಕೆ ಬೇಸರಪಡಬೇಡ. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ನಮ್ಮ ಬೀದಿಯ ಫಲಕದಲ್ಲಿ ಒತ್ತಕ್ಷರ ನುಂಗಿದ ಪುರಸಭೆಯವರನ್ನೇ ನಾನು ಇನ್ನೂ ಕ್ಷಮಿಸಿಲ್ಲ ಎಂಬುದು ನಿನಗೆ ಗೊತ್ತು.

ನೀನು ಬರೆದದ್ದು ಹೀಗೆ: “ಮೊಟ್ಟೆಯ ಹಳದಿಯಲ್ಲಿರುವ ಫಾಸ್ಫೋಲಿಪಿಡ್ ಒಂದಿಷ್ಟು ಕೊಲೆಸ್ಟರಾಲನ್ನು ಕರುಳು ದಾಟದಂತೆ ಹಿಡಿದಿಡುತ್ತದೆ.” ಅವರು ಹಂಚಿದ ಆರೋಗ್ಯ ಕೈಪಿಡಿಯಲ್ಲಿ ‘ಕರುಳು ದಾಟದಂತೆ’ ಮಾಯ. ಬರೀ “ಹಿಡಿದಿಡುತ್ತದೆ” ಎಂದರೆ ಜನ ಏನೆಂದುಕೊಳ್ಳಬೇಕು? ಮೈಯಲ್ಲೇ ಕೂಡಿಡುತ್ತದೆ ಎಂದುಕೊಂಡರು. ನಿನ್ನ ಮಾತು ತಲೆಕೆಳಗಾಗಿ ನಿಂತಿತು. ಎದುರುಮನೆ ಟೈಲರ್ ನನ್ನನ್ನು ನಿಲ್ಲಿಸಿ, “ಏನ್ ಸಾರ್, ನಿಮ್ಮ ತಂಗಿ ಮೊಟ್ಟೆ ಅಂಗಡಿಯವನ ಹೊಟ್ಟೆ ಮೇಲೆ ಹೊಡೆದುಬಿಟ್ರಲ್ಲ” ಎಂದ. ನಗಲು ನನಗೆ ಆಗಲಿಲ್ಲ.

ಈ ವಿದ್ಯೆ ನಿನಗೆ ಹತ್ತಿದ್ದು ಅಡುಗೆಮನೆಯಲ್ಲೇ ಅಲ್ಲವೇ? ಚಿಕ್ಕವಳಿದ್ದಾಗ ಅಮ್ಮನ ಗಾಜಿನ ಬಟ್ಟಲಲ್ಲಿ ಎಣ್ಣೆ, ನೀರು ಸುರಿದು, ಮೊಟ್ಟೆಯ ಹಳದಿ ಹಾಕಿ ಗರಗರ ಕಲಕಿದೆ. ಎಣ್ಣೆ ಬೇರೆಯಾಗದೆ ಕೆನೆಯಂತೆ ನಿಂತಿತು. ಅಮ್ಮ ಮೊದಲು ಬೈದಳು. ಆಮೇಲೆ ಪಕ್ಕದ ಮನೆಯವರನ್ನು ಕರೆದು, “ಇನ್ನೊಂದು ಸಲ ಮಾಡಿ ತೋರಿಸೇ” ಎಂದಳು. ಅಂದು ನಾನಿಟ್ಟ ಹೆಸರು ‘ಜಿಡ್ಡಮ್ಮ’ ನಿನ್ನ ಪದವಿಗಳಿಗಿಂತ ಹಳೆಯದು.

ಮುಂದೆ ನೀನು ನನಗೆ ತಿಳಿಸಿ ಹೇಳಿದ್ದನ್ನು ನಾನು ಕಥೆಯಂತೆ ನೆನಪಿಟ್ಟಿದ್ದೇನೆ. ಆ ಫಾಸ್ಫೋಲಿಪಿಡ್ ಅಣುವಿನ ತಲೆಗೆ ನೀರು ಇಷ್ಟ, ಬಾಲಕ್ಕೆ ಜಿಡ್ಡು ಇಷ್ಟ. ಜಗಳವಾಡಿದ ಎರಡು ಮನೆಗೂ ಊಟಕ್ಕೆ ಹೋಗಬಲ್ಲ ನೆಂಟನ ಹಾಗೆ. ಕರುಳಿನಲ್ಲಿ ಅದು ಜಿಡ್ಡನ್ನು ಕೂರಿಸಿಕೊಂಡು ಪುಟ್ಟ ದೋಣಿಯಾಗುತ್ತದೆ, ಕೊಲೆಸ್ಟರಾಲ್ ಅದನ್ನೇ ಹತ್ತುತ್ತದೆ. ಜೀರ್ಣರಸ ದೋಣಿಯ ಹಲಗೆ ಬಿಚ್ಚಿದರೆ ಕೊಲೆಸ್ಟರಾಲ್ ದಡಕ್ಕಿಳಿಯುತ್ತದೆ. ಬಿಚ್ಚಿ ಮುಗಿಯದಷ್ಟು ಹಲಗೆಗಳಿದ್ದರೆ ಒಂದಿಷ್ಟು ಇಳಿಯಲಾರದೆ ಹಾಗೇ ಹೊರಟುಹೋಗುತ್ತದೆ. ಆದರೆ ಪಿತ್ತದೊಡನೆ ಬರುವ ಇದೇ ಅಣು ಕರುಳಿನ ಗೋಡೆಯೊಳಗೆ ಕೊಬ್ಬಿಗೆ ಹೊದಿಕೆ ಹೊದಿಸಿ ಮೈಗೆ ಕಳಿಸಿಕೊಡುತ್ತದೆ. ಈಚೆ ದಡದಲ್ಲಿ ಅಡ್ಡಿ, ಆಚೆ ದಡದಲ್ಲಿ ಆಸರೆ. “ಹಾಗಾದ್ರೆ ನಾನು ದಿನಾ ನಾಲ್ಕು ಮೊಟ್ಟೆ ತಿನ್ನಬಹುದಾ?” ಎಂದು ಕೇಳಿದ್ದೆ. ನೀನು ನಕ್ಕು, “ಹಳದೀಲೇ ಕೊಲೆಸ್ಟರಾಲ್ ಇದೆ ಕಣಣ್ಣ. ನಾನು ನೋಡಿರೋದು ಇಲಿಗಳ ಕರುಳು. ನಿನ್ನದು ಇನ್ನೂ ನೋಡಿಲ್ಲ” ಎಂದೆ. ಕಂಡಷ್ಟನ್ನೇ ಹೇಳುವ ಆ ನಿಯತ್ತಿಗೆ ನಾನು ಅಂದೇ ತಲೆಬಾಗಿದೆ. ವಾಕ್ಯದಲ್ಲಿ ‘ಒಂದಿಷ್ಟು’ ಎಂದು ಬರೆಯುವವಳ ಎರಡು ಪದ ಕೀಳುವುದೆಂದರೇನು!

ಹೋದ ವಾರ ನಿನ್ನನ್ನು ಕೇಳದೆಯೇ ನಿಮ್ಮ ಸಂಸ್ಥೆಯ ನಿರ್ದೇಶಕರನ್ನು ಕಂಡೆ. ಕಾಫಿ ಕೊಟ್ಟರು. ಜಾಗ ಸಾಲಲಿಲ್ಲವಂತೆ, ಎರಡೇ ಪದವಂತೆ. ಕೈಪಿಡಿಯ ಕೊನೇ ಪುಟ ತೆರೆದು ತೋರಿಸಿದೆ. ಪುಟದ ತುಂಬ ಅವರದೇ ಫೋಟೋ. ಆಗ ಮುಖ ಕೆಂಪಗಾಗಿ, “ಕರಡು ನೋಡೋಕೆ ಬಾರಮ್ಮ ಅಂದ್ರೆ ಇಲಿ ಬಿಟ್ಟು ಬರಲ್ಲ ಅಂದ್ರು. ನಿಮ್ಮ ತಂಗಿಗೆ ಸ್ವಲ್ಪ ಕೊಬ್ಬು ಕಣ್ರೀ” ಎಂದರು.

“ಕೊಬ್ಬು ಅವಳ ವಿಷಯ ಸ್ವಾಮಿ. ಅದನ್ನು ಅವಳಿಗೇ ಬಿಡಿ” ಎಂದು ಎದ್ದುಬಂದೆ.

ಮುಂದಿನ ತಿಂಗಳು ಕೈಪಿಡಿಯ ಮರುಮುದ್ರಣವಂತೆ, ಅದೇ ವಾಕ್ಯದೊಂದಿಗೆ. ತಿದ್ದುಪಡಿ ಹಾಕಿದರೆ ಸಂಸ್ಥೆಯ ಮರ್ಯಾದೆ ಹೋಗುತ್ತದಂತೆ. ನಿನ್ನ ಮರ್ಯಾದೆಯ ಲೆಕ್ಕ ಯಾರಿಗೂ ಇಲ್ಲ. ನೀನೋ “ಹೋಗಲಿ ಬಿಡಣ್ಣ, ಗೊತ್ತಿರೋರಿಗೆ ಗೊತ್ತು” ಎನ್ನುತ್ತೀಯ. ಗೊತ್ತಿಲ್ಲದವರಿಗಾಗಿ ಅಲ್ಲವೇನೇ ಕೈಪಿಡಿ ಮಾಡಿದ್ದು? ನಾನು ಪತ್ರಿಕೆಗೆ ಬರೆಯುತ್ತೇನೆ. ಬೇಡ ಎನ್ನಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ, ಕಣ್ಣಿಗೆ ಆಯಾಸವಾಗದಿರಲಿ. ನೂರು ಕಾಲ ಬಾಳು.

ನಿನ್ನ ಅಣ್ಣ

ತಾಜಾ ಕಲಂ: ಒಂದು ಮಾತು ಉಳಿಯಿತು. ಅಮ್ಮ ಕೈಪಿಡಿಯಿಂದ ನಿನ್ನ ಹೆಸರಿದ್ದ ಆ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದಳು. ಕೊನೆಕೊನೆಗೆ ಅವಳ ಬಾಯಿಗೆ ರುಚಿಸುತ್ತಿದ್ದದ್ದು ಬೇಯಿಸಿದ ಮೊಟ್ಟೆಯ ಹಳದಿಯೊಂದೇ. ಅದನ್ನೂ ಬಿಟ್ಟಳು. ತಿನ್ನಿ ಎಂದು ಡಾಕ್ಟರು ಹೇಳಿದರು. ಅಚ್ಚಿನಲ್ಲಿ ತಪ್ಪಾಗಿದೆ ಎಂದು ನಾನು ಗೋಗರೆದೆ. “ನನ್ನ ಮಗಳು ಹೆಸರು ಹಾಕಿ ಹೇಳಿದ್ದಾಳೆ. ನಾನೇ ಮೀರಿದ್ರೆ ಅವಳ ಮಾತನ್ನ ಯಾರು ಕೇಳ್ತಾರೋ?” ಎಂದಳು. ಹಳದಿಯನ್ನು ತಟ್ಟೆಯ ಅಂಚಿಗೆ ಸರಿಸಿ, ಅದನ್ನೇ ನೋಡುತ್ತ ಬಿಳಿಯನ್ನು ತಿನ್ನುತ್ತಿದ್ದಳು. ನಿನಗೆ ಹೇಳಬಾರದೆಂದು ಆಣೆ ಹಾಕಿಸಿದ್ದಳು. ತಿಂದಿದ್ದರೆ ಇನ್ನಷ್ಟು ದಿನ ಇರುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಕಂಡಷ್ಟನ್ನೇ ಹೇಳಬೇಕೆಂದು ನಿನ್ನಿಂದಲೇ ಕಲಿತದ್ದು. ಆಸೆಪಟ್ಟದ್ದನ್ನು ತಿನ್ನದೆ ಹೋದಳು. ನಾನು ಕಂಡದ್ದು ಅಷ್ಟು.

ಆದ್ದರಿಂದ ನಿರ್ದೇಶಕರು ಕಾಫಿ ಕೊಟ್ಟು ನನ್ನ ಕಿವಿಯಲ್ಲಿ ಹೇಳುವ ಉತ್ತರ ನನಗೆ ಬೇಡ. ಕೈಪಿಡಿ ಹೋದ ಪ್ರತಿ ಮನೆಗೂ ಅಷ್ಟೇ ದಪ್ಪ ಅಕ್ಷರದಲ್ಲಿ, ತಮ್ಮ ಹೆಸರು ಹಾಕಿ ಹೇಳಲಿ: ಆ ಎರಡು ಪದವನ್ನು ಕಿತ್ತವರು ಯಾರು?