ಮಂಗಳವಾರದ ನೀರು

ತೋಟದ ಮನೆ,
ಗುರುವಾರ, ಬೆಳಿಗ್ಗೆ

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆಯ ನಮಸ್ಕಾರ.

ಮಂಡಿ ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀರೋ, ಇಲ್ಲ ನಾದಿನಿಯ ಕಣ್ಣು ತಪ್ಪಿಸಿ ಅವಳ ಹೂಕುಂಡಗಳ ಮಣ್ಣು ಕೆದಕುತ್ತಿದ್ದೀರೋ? ನಿಮ್ಮನ್ನು ನಾನು ಬಲ್ಲೆ. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ನೀವೇ ಸೇರಿಸಿಕೊಳ್ಳುತ್ತೀರಿ. ಅದಕ್ಕೇ ಈ ಕಾಗದ. ತರಕಾರಿ ವ್ಯಾನಿನ ಡ್ರೈವರ್ ನಾದಿನಿಯ ಮನೆ ಕಡೆಗೇ ಹೊರಟಿದ್ದಾನೆ, ಸಂಜೆ ವಾಪಸ್ ಬರುತ್ತಾನೆ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಗನಿಗೆ ಗ್ಯಾರೇಜಿನಲ್ಲಿ ಕೈತುಂಬ ಕೆಲಸ.

ನೀವು ಹೋದ ಮೇಲೆ ನಮ್ಮದಕ್ಕಿಂತ ಮೇಲಿನ ತೋಟಗಳೆಲ್ಲ ಒಂದೊಂದಾಗಿ ಸೈಟುಗಳಾದವು. ಬದನೆಕಾಯಿ ಅಜ್ಜನದೂ ಹೋಯಿತು. ಅವನೇ ಬಂದು "ಏನ್ ಮಾಡ್ಲಿ ತಾಯಿ, ಮಕ್ಕಳು ಕೇಳಲಿಲ್ಲ" ಎಂದು ಹೇಳಿ, ಕೊಟ್ಟ ಚಹಾ ಕುಡಿಯದೆ ಹೋದ. ಈಗ ಕೆರೆಯ ತೂಬಿನಿಂದ ನಮ್ಮ ಬೇಲಿಯವರೆಗೆ ಬರೀ ಮನೆಗಳು, ಆಮೇಲೆ ನಮ್ಮ ಸೊಪ್ಪಿನ ಮಡಿಗಳು. ಕಾಲುವೆಯ ಮೇಲೆ ರಸ್ತೆ ಬಂದಿದೆ. "ನಿಮ್ಮ ನೀರಿಗೆ ಅಡಿಯಲ್ಲಿ ಪೈಪು ಇಟ್ಟಿದ್ದೇನೆ" ಎಂದ ಕಂಟ್ರಾಕ್ಟರ್; ಪೈಪು ನನ್ನ ತೋಳಿನಷ್ಟೇ ದಪ್ಪ. ಇದನ್ನೆಲ್ಲ ನೋಡಿ ನನಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಬಟ್ಟೆ ಒಣಹಾಕುತ್ತ ನೋಡಿದೆ, ಒಣಗಿದ ಮೇಲೆ ಒಳಗೆ ತಂದೆ.

ಮೊನ್ನೆ ಮಂಗಳವಾರ ನಮ್ಮ ನೀರಿನ ಸರದಿ, ರಸ್ತೆಯಾದ ಮೇಲೆ ಮೊದಲನೆಯದು. ಮಾವ ಎಂದಿನಂತೆ ಹೋಗಿ ತೂಬಿನ ಹಲಗೆಯನ್ನು ಪೂರ್ತಿ ಎತ್ತಿಬಿಟ್ಟರು, ಕಾಲುವೆ ತೆರೆದಿದ್ದಾಗ ಎತ್ತುತ್ತಿದ್ದ ಹಾಗೇ. ಕೈಗೆ ಕೂತ ಅಭ್ಯಾಸ, ಬೇರೇನಲ್ಲ. ಪೈಪು ಅಷ್ಟು ನೀರು ಹಿಡಿಯುತ್ತದೆಯೇ? ಉಕ್ಕಿ, ರಸ್ತೆ ಪಕ್ಕದ ಹೊಸ ಮನೆಗೆ ಬಂದಿರುವ ಬ್ಯಾಂಕಿನವರ ಅಡುಗೆಮನೆಗೆ ನುಗ್ಗಿತು. ಮಾವ ಎದ್ದೆನೋ ಬಿದ್ದೆನೋ ಎಂದು ಓಡಿ ಹಲಗೆ ಇಳಿಸಿ, ಅವರದೇ ಪೊರಕೆ ಹಿಡಿದು ನೀರನ್ನೆಲ್ಲ ಗುಡಿಸಿ ಹೊರಹಾಕಿದರು. ಆ ಮನೆಯಾಕೆ ಸ್ಟೂಲಿನ ಮೇಲೆ ನಿಂತು ಕೂಗಾಡುತ್ತಿದ್ದರೆ ಇವರು, "ನೀರಿಗೇನ್ ಗೊತ್ತಮ್ಮ, ಇಲ್ಲಿ ಅಡುಗೆಮನೆ ಬಂದಿದೆ ಅಂತ" ಎಂದರಂತೆ. ನೀವಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ.

ನಿನ್ನೆ ಬಡಾವಣೆಯವರೆಲ್ಲ ಸೇರಿ ತೂಬಿಗೆ ಸಿಮೆಂಟು ಹಾಕಿ ಮುಚ್ಚುವುದೆಂದು ತೀರ್ಮಾನಿಸಿದರು. ಮುಚ್ಚಿದರೆ ನಮ್ಮ ತೋಟ ಬಹಳ ದಿನ ತಡೆಯುವುದಿಲ್ಲ, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಮಗ "ಹೋಗ್ಲಿ ಬಿಡು, ನಾವೂ ಸೈಟ್ ಮಾಡೋಣ" ಎಂದರು. ನಾನು ಹ್ಞೂಂ ಎಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಿದೆ, ಅತ್ತೆ. ತೋಟ ನಿಮ್ಮದು, ನಿಮ್ಮ ಕೈಯಲ್ಲೇ ಬೆಳೆದದ್ದು. ಮಾವ ಬೆಳಿಗ್ಗೆಯೇ ಎದ್ದು ಹೊರಗೆ ಹೋಗಿದ್ದಾರೆ.

ಮಂಡಿಯ ಮೇಲೆ ಭಾರ ಹಾಕಬೇಡಿ. ನಾದಿನಿಗೂ ಅವಳ ಮಕ್ಕಳಿಗೂ ಕೇಳಿದೆನೆಂದು ಹೇಳಿ.

ಇಂತಿ,
ನೀವು ಬೈದು ಕರೆಯುವ ಕಲ್ಲುಗುಂಡು

ಇನ್ನೊಂದು ಮಾತು, ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ. ಮಾವ ಹೋಗಿ ತೂಬಿನ ಮೇಲೆಯೇ ಕೂತುಬಿಟ್ಟಿದ್ದಾರೆ. ಸಿಮೆಂಟು ಕಲಸಿ ಆಗಿದೆ, ಮೇಸ್ತ್ರಿ ಪಾಪ, ಬಾಂಡಲಿ ಹಿಡಿದು ನಿಂತಿದ್ದಾನೆ. ಯಾರು ಕರೆದರೂ ಇವರದು ಒಂದೇ ಮಾತು: "ಅವಳು ಹೇಳ್ಲಿ, ಏಳ್ತೀನಿ." ಅವಳೆಂದರೆ ನೀವೇ. ತಿಂಡಿ ಕೊಡಲು ಬಂದ ನಾನೂ ಪಕ್ಕದಲ್ಲಿ ಕೂತೆ, ಇದನ್ನು ಬರೆಯುತ್ತಿರುವುದು ಅಲ್ಲಿಂದಲೇ. ಏಳಬೇಕೋ ಬೇಡವೋ, ಡ್ರೈವರ್ ಕೈಯಲ್ಲೇ ಹೇಳಿ ಕಳಿಸಿ. ಸಂಜೆಯವರೆಗೆ ನಾವಿಬ್ಬರೂ ಏಳುವುದಿಲ್ಲ.