ಒಂದಡಿ ಸವಾರಿ

ಬೆಸ್ಟ್, ನೆದರ್ಲೆಂಡ್ಸ್, ಫೆಬ್ರವರಿ ೨೨, ಭಾನುವಾರ

ಇವತ್ತೂ ರಸ್ತೆಯ ಮೇಲೆ ಹಿಮ, ಅದನ್ನು ಕರಗಿಸಲು ಸುರಿದ ಉಪ್ಪು. ಗೆಳೆಯ ಚಿರಂತನನ ಬೈಕು ನನ್ನ ಷೆಡ್ಡಿನಲ್ಲೇ ನಿಂತಿದೆ. ಮಾರ್ಚಿನಲ್ಲಿ ಬನ್ನಿ, ಚಳಿಗಾಲವೆಲ್ಲ ಸುಮ್ಮನೆ ನಿಂತಿರುತ್ತದೆ ಎಂದು ಅಂಗಡಿಯವನು ಅಕ್ಟೋಬರಿನಲ್ಲೇ ಹೇಳಿದ್ದ. ಬಲಿಪಾಡ್ಯಮಿಯಂಥ ದಿನ ಬಿಡಬಾರದೆಂದು ಗೆಳೆಯನನ್ನು ಅಂದೇ ಕೊಳ್ಳಲು ಒಪ್ಪಿಸಿದವನು ನಾನು. ಅಂದು ಸುರಿಯುವ ಮಳೆಯಲ್ಲಿ ವ್ಯಾನಿನಲ್ಲಿ ತಂದು ಇಳಿಸಿಹೋದರು. ಆಮೇಲೆ ನಾಲ್ಕು ತಿಂಗಳು ಬರೀ ಗಾಳಿ, ಮಳೆ, ಹಿಮ. ಪ್ರತಿ ಭಾನುವಾರ ಚಿರಂತನ ಬಂದು ಚೈನಿಗೆ ಎಣ್ಣೆ ಹಾಕುತ್ತಿದ್ದ, ಟ್ಯಾಂಕು ಒರೆಸುತ್ತಿದ್ದ, ಹೋಗುತ್ತಿದ್ದ. ಮೀಟರು ಇನ್ನೂ ಎರಡು ಕಿಲೋಮೀಟರಿನಲ್ಲೇ ಇದೆ.

ಈಗ ಅವನ ಕೆಲಸವೂ ಹೋಯಿತು, ಇಲ್ಲಿರುವ ಪರ್ಮಿಟ್ಟೂ ಮುಗಿಯಿತು. ಬರುವ ಶನಿವಾರ ಮೈಸೂರಿಗೆ ಹೊರಟಿದ್ದಾನೆ. ನಾಳೆ ಎನ್ಸ್‌ಕೆಡೆ ಊರಿನಿಂದ ಕೊಂಡವರು ಯಾರೋ ಬಂದು ಬೈಕು ಒಯ್ಯುತ್ತಾರಂತೆ.

ಸಂಜೆ ಬಂದವನು ಜೇಬಿನಿಂದ ನಿಂಬೆಹಣ್ಣು ತೆಗೆದು ಮುಂದಿನ ಚಕ್ರದ ಕೆಳಗಿಟ್ಟ. ಮೊದಲ ಸವಾರಿಯ ದಿನ ಮಾಡೋಣವೆಂದು ಉಳಿಸಿಕೊಂಡಿದ್ದ ಶಾಸ್ತ್ರ. ಹೆಲ್ಮೆಟ್ ಹಾಕಿಕೊಂಡು ಹತ್ತಿ ಕುಳಿತ.

"ಸ್ವಲ್ಪ ತಳ್ಳೋ."

"ಏಪ್ರಿಲ್‌ವರೆಗೂ ಇರೋಕಾಗಿದ್ದಿದ್ರೆ..." ಎಂದೆ. ಎಂಥ ದಡ್ಡ ಮಾತು.

"ತಳ್ಳೋ, ಸಾಕು."

ತಳ್ಳಿದೆ. ನಿಂಬೆಹಣ್ಣು ಪಚಕ್ಕನೆ ಒಡೆಯಿತು. ಬೈಕು ಒಂದಡಿ ಹೋಗಿ ಗೋಡೆಗೆ ತಾಗಿ ನಿಂತಿತು. ಅವನು ಇಳಿಯಲಿಲ್ಲ. ಹ್ಯಾಂಡಲ್ ಹಿಡಿದು ಗೋಡೆಯನ್ನೇ ನೋಡುತ್ತಿದ್ದ. ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಬ್ಬಾಗುತ್ತಿತ್ತು.

"ಇನ್ನೂ ಸ್ವಲ್ಪ" ಎಂದ.

ಎದುರಿಗೆ ಗೋಡೆಯಿತ್ತು. ತಳ್ಳುತ್ತಲೇ ಇದ್ದೆ.